ಉಪ್ಪುನೀರಿನ ತೊಟ್ಟಿಗೆ ಮನೆಯಲ್ಲೇ ದೀಪ

ಪ್ರಶ್ನೆ: ಎರಡಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಆಳದ ಉಪ್ಪುನೀರಿನ ತೊಟ್ಟಿಯಲ್ಲಿ ಮೃದು ಹವಳಗಳಿವೆ. 12 ವೋಲ್ಟಿನ ಬಿಳಿ ಎಲ್‌ಇಡಿ ಸ್ಟ್ರಿಪ್ ಹಾಕಿದ್ದರೂ ಬಣ್ಣ ಮಾಸುತ್ತಿದೆ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?

ಉತ್ತರ: ಬೆಳಕೇ ಕಾರಣವಾಗಿದ್ದರೆ ಸ್ಟ್ರಿಪ್ ಬಿಟ್ಟುಬಿಡಿ. ಅದರ ಬೆಳಕು ತಳ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಹವಳದೊಳಗಿನ ಪಾಚಿಗೆ ಬೇಕಾದ ನೀಲಿಯೂ ಸಾಲದು. 3 ವ್ಯಾಟಿನ ಸ್ಟಾರ್ ಎಲ್‌ಇಡಿ (ನಕ್ಷತ್ರಾಕಾರದ ಪುಟ್ಟ ಲೋಹದ ಬಿಲ್ಲೆಯ ಮೇಲೆ ಕೂತ ಒಂಟಿ ಎಲ್‌ಇಡಿ) ತನ್ನಿ: 450 ನ್ಯಾನೊಮೀಟರಿನ ರಾಯಲ್ ಬ್ಲೂ 12, ಕೂಲ್ ವೈಟ್ 6. ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ, ಶಾಖ ಹೊರಹಾಕುವ, ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೆ ಸ್ಕ್ರೂ ಮಾಡಿ. ಪೇಸ್ಟ್ ದಪ್ಪವಾದರೆ ಶಾಖ ಇಳಿಯುವುದಿಲ್ಲ.

ನೀಲಿ, ಬಿಳಿ ಬೇರೆ ಬೇರೆ ಸರಣಿಯಾಗಿರಲಿ (ಒಂದರ ಹಿಂದೊಂದು ಜೋಡಣೆ). ಪ್ರತಿಯೊಂದಕ್ಕೂ 700 ಮಿಲಿಆಂಪಿಯರಿನ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್, ಅಂದರೆ ಕರೆಂಟನ್ನು ಒಂದೇ ಮಟ್ಟದಲ್ಲಿಡುವ ಸಾಧನ. ಒಂದು ಎಲ್‌ಇಡಿಗೆ ಸುಮಾರು 3.3 ವೋಲ್ಟ್; ನೀಲಿ ಸರಣಿಗೆ 12×3.3, ಅಂದರೆ ಸುಮಾರು 40 ವೋಲ್ಟ್ ಬೇಕು, ಬಿಳಿಗೆ 20. ಈ ಅಂಕಿ ಡ್ರೈವರ್ ಮೇಲೆ ಬರೆದ ಔಟ್‌ಪುಟ್ ಮಿತಿಯೊಳಗೆ ಬರಬೇಕು. ಹೆಚ್ಚಿನವರು ಎಲ್‌ಇಡಿ ಸುಡುವುದು ಇಲ್ಲೇ: ಡ್ರೈವರ್ ಚಾಲೂ ಇರುವಾಗ ತಂತಿ ಜೋಡಿಸುತ್ತಾರೆ. ಮೊದಲು ಜೋಡಿಸಿ, ಎಲ್‌ಇಡಿಗೆ ತಂತಿ ಬೆಸೆದ ಪ್ಯಾಡಿಗೂ ಹೀಟ್‌ಸಿಂಕ್‌ಗೂ ಶಾರ್ಟ್ ಇಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿ, ಆಮೇಲೆ ಸ್ವಿಚ್ ಒತ್ತಿ.

ಉಪ್ಪಿನ ಹನಿ ಬೆಸುಗೆಯನ್ನು ತಿಂದುಹಾಕುತ್ತದೆ. ಕೆಳಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಕಟ್ಟಿ. ಹೀಟ್‌ಸಿಂಕ್‌ಗೆ ಅರ್ತಿಂಗ್, ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್) ಇರಲೇಬೇಕು, ಇದರಲ್ಲಿ ಉಳಿತಾಯ ಬೇಡ. ದೀಪವನ್ನು ನೀರಿನಿಂದ 10 ಅಂಗುಲ ಮೇಲೆ ತೂಗುಹಾಕಿ. ಮೊದಲ ವಾರ ದಿನಕ್ಕೆ 4 ಗಂಟೆ, ಮುಂದೆ ವಾರಕ್ಕೊಂದು ಗಂಟೆ ಏರಿಸಿ 8ಕ್ಕೆ ನಿಲ್ಲಿಸಿ. ಒಮ್ಮೆಗೇ ಪೂರ್ತಿ ಹಚ್ಚಿದರೆ ಹವಳ ಬಿಳಿಚಿಕೊಳ್ಳುತ್ತದೆ.