ಒಂದೇ ಪರಮಾಣು ದಪ್ಪದ ತಂತಿಯಲ್ಲಿ ಕರೆಂಟ್ ಹರಿಯುತ್ತದಾ?

ಹರಿಯುತ್ತದೆ. ನೀವು ಚಳ್ಳಕೆರೆಯಲ್ಲಿ ಬೋರ್ ಮೋಟಾರ್ ರೀವೈಂಡಿಂಗ್ ಮಾಡುವವರು. ತಂತಿ ಸಣ್ಣ ಆದಷ್ಟೂ ರೆಸಿಸ್ಟೆನ್ಸ್ ಏರುತ್ತದೆ, ಹಾಗಾದರೆ ಪರಮಾಣುವಿನಷ್ಟು ಸಣ್ಣ ಮಾಡಿದರೆ ಕರೆಂಟೇ ನಿಲ್ಲಬೇಕಲ್ವಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ, ಗೊತ್ತಿರುವಷ್ಟು ಹೇಳುತ್ತೇನೆ.

ತಾಮ್ರದೊಳಗೆ ಎಲೆಕ್ಟ್ರಾನ್ ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಸರಾಸರಿ 40 ನ್ಯಾನೋಮೀಟರ್ ಓಡುತ್ತದೆ (ಒಂದು ಮಿ.ಮೀ.ಗೆ ಹತ್ತು ಲಕ್ಷ ನ್ಯಾನೋಮೀಟರ್). ನಿಮ್ಮ 22 ಗೇಜ್ ತಂತಿ 0.7 ಮಿ.ಮೀ. ದಪ್ಪ, ಅಂದರೆ ಅದರ 17,000 ಪಟ್ಟಿಗೂ ಜಾಸ್ತಿ. ಅಲ್ಲಿ ತಂತಿಯ ಅಂಚು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ನಿಮ್ಮ ಅಂಗಡಿ ಲೆಕ್ಕ ಸರಿಹೋಗುತ್ತದೆ.

ತಂತಿಯೇ 40 ನ್ಯಾನೋಮೀಟರಿಗಿಂತ ಕಿರಿದಾದರೆ ಆ ಲೆಕ್ಕ ತಪ್ಪುತ್ತದೆ. ನಮ್ಮೂರ ಮಂಡಿಪೇಟೆಯ ಇಕ್ಕಟ್ಟು ಗಲ್ಲಿಗೆ ಬೈಕ್ ನುಗ್ಗಿಸಿದ ಹಾಗೆ, ಗೋಡೆಗೇ ಜಾಸ್ತಿ ತಾಗುತ್ತದೆ. ರೆಸಿಸ್ಟೆನ್ಸ್ ಲೆಕ್ಕಕ್ಕಿಂತ ಮೇಲೆ ಹೋಗುತ್ತದೆ. ಚಿಪ್ ಮಾಡುವವರ ದೊಡ್ಡ ತಲೆನೋವು ಇದು. ಕೋಬಾಲ್ಟ್, ರುಥೇನಿಯಂ ಅನ್ನುವ ಲೋಹಗಳ ಕಡೆ ಅವರು ನೋಡುತ್ತಿರುವುದೂ ಇದಕ್ಕೇ. ದಪ್ಪ ತಂತಿಯಲ್ಲಿ ಇವು ತಾಮ್ರದ ಹತ್ತಿರವೂ ಸುಳಿಯಲ್ಲ. ಆದರೆ ಅವುಗಳಲ್ಲಿ ಎಲೆಕ್ಟ್ರಾನ್ ಹೇಗೂ ಬೇಗ ಡಿಕ್ಕಿ ಹೊಡೆಯುತ್ತದೆ, ಗೋಡೆ ಹತ್ತಿರ ಬಂದರೂ ನಷ್ಟ ಕಡಿಮೆ.

ಇನ್ನೂ ಇಳಿಸಿ, ಕೆಲವೇ ಪರಮಾಣು ದಪ್ಪ, ಅಷ್ಟೇ ಗಿಡ್ಡ ಮಾಡಿ. ಈಗ ಒಳಗೆ ಡಿಕ್ಕಿಯೇ ಇಲ್ಲ. ಹಾಗಂತ ರೆಸಿಸ್ಟೆನ್ಸ್ ಸೊನ್ನೆಯಾಗಲ್ಲ! ಎಲೆಕ್ಟ್ರಾನ್ ಅಲೆಯೂ ಹೌದು, ಅಷ್ಟು ಇಕ್ಕಟ್ಟಿನಲ್ಲಿ ಅದಕ್ಕೆ ಎಣಿಸಿದಷ್ಟೇ ದಾರಿ. ಅಡೆತಡೆ ಇಲ್ಲದ ಒಂದು ದಾರಿಗೆ 12.9 ಕಿಲೋಓಮ್, ಎರಡಿದ್ದರೆ ಅದರ ಅರ್ಧ. ಚಿನ್ನದ ಒಂದು ಪರಮಾಣುವಿಗೆ ಒಂದೇ ದಾರಿ.

ಇದನ್ನು ಕಣ್ಣಾರೆ ನೋಡಬಹುದು. ಲ್ಯಾಬಿನಲ್ಲಿ ಎರಡು ಚಿನ್ನದ ತಂತಿಗಳನ್ನು ಅಡ್ಡಡ್ಡ ತಾಗಿಸಿ, 13 ಮಿಲಿವೋಲ್ಟ್ ಕೊಟ್ಟು, ಮೇಜನ್ನು ಬೆರಳಿಂದ ತಟ್ಟುತ್ತೇವೆ. ತಂತಿಗಳು ಬಿಟ್ಟುಕೊಳ್ಳುವಾಗ ನಡುವೆ ಚಿನ್ನದ ಎಳೆ ಜಗ್ಗಿ, ಸಣ್ಣದಾಗುತ್ತಾ ಹೋಗಿ ತುಂಡಾಗುತ್ತದೆ. ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೊನೆಯ ಮೆಟ್ಟಿಲು ಸುಮಾರು 1 ಮೈಕ್ರೋಆಂಪ್. ಪ್ರತಿ ಸಲ ಚೆಂದ ಬರಲ್ಲ, ಸುಮ್ನೆ ತಟ್ಟುತ್ತಲೇ ಇರಬೇಕು.

ಎಳೆ ಸುಟ್ಟುಹೋಗಲ್ವಾ ಅಂತ ನಿಮಗೆ ಅನಿಸಿಯೇ ಅನಿಸುತ್ತದೆ. ಆ 1 ಮೈಕ್ರೋಆಂಪನ್ನು ಚದರ ಮಿ.ಮೀ. ಲೆಕ್ಕಕ್ಕೆ ತಂದರೆ ಒಂದು ಕೋಟಿ ಆಂಪ್ ದಾಟುತ್ತದೆ. ನಿಮ್ಮ ವೈಂಡಿಂಗ್ ಕ್ಷಣದಲ್ಲಿ ಕರಕಲಾಗುತ್ತಿತ್ತು. ಇಲ್ಲಿ ಎಲೆಕ್ಟ್ರಾನ್ ಎಳೆಯೊಳಗೆ ಎಲ್ಲೂ ತಾಗದೆ ದಾಟುತ್ತದೆ, ಬಿಸಿಯ ಬಹುಪಾಲನ್ನು ಆಚೆಗಿನ ದಪ್ಪ ತಂತಿಯಲ್ಲಿ ಬಿಡುತ್ತದೆ.