ಗೋದಾಮಿಗೊಂದು ಲಿಖಿತ ಕಾರ್ಯವಿಧಾನ

ಪ್ರಶ್ನೆ: ನಮ್ಮ ಸಹಕಾರ ಸಂಘದ ಗೋದಾಮಿನಲ್ಲಿ ಭತ್ತದ ಚೀಲಗಳನ್ನು ಇಳಿಸಿ ಒಟ್ಟುವ ಕೆಲಸಕ್ಕೆ ಕಾರ್ಯವಿಧಾನವನ್ನು ಬರೆಯಬೇಕಾಗಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಕಚೇರಿಯಲ್ಲಿ ಕುಳಿತು ಬರೆಯುವ ಮೊದಲು, ಲಾರಿ ಬಂದು ನಿಂತ ಕ್ಷಣದಿಂದ ಕೊನೆಯ ಚೀಲ ಅಟ್ಟಿ ಸೇರುವವರೆಗೆ ಹಮಾಲರ ಜೊತೆಗಿದ್ದು ಗಮನಿಸಿ. ‘ಎಚ್ಚರಿಕೆಯಿಂದ ಜೋಡಿಸಿ’ ಎಂಬ ಸಾಲಿನಿಂದ ಯಾರಿಗೂ ಪ್ರಯೋಜನವಿಲ್ಲ. ನೆಲದ ತೇವ ತಾಗದಂತೆ ಚೀಲಗಳನ್ನು ಮರದ ಚೌಕಟ್ಟಿನ ಮೇಲೆಯೇ ಇಡಬೇಕು, ಕೀಟಗಳ ತಪಾಸಣೆಗೂ ಔಷಧ ಸಿಂಪಡಣೆಗೂ ಅನುವಾಗುವಂತೆ ಗೋಡೆಯಿಂದ ಕನಿಷ್ಠ 75 ಸೆಂ.ಮೀ. ಜಾಗ ಬಿಡಬೇಕು ಎಂದು ಕಾರಣಸಹಿತ ಬರೆಯಿರಿ. ಹೆಚ್ಚಿನವರು ಮರೆಯುವ ಭಾಗವೊಂದಿದೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ: ತೇವಾಂಶ ಮಿತಿ ಮೀರಿದ್ದರೆ, ತೂಕ ತಾಳೆಯಾಗದಿದ್ದರೆ ಇಳಿಸುವುದನ್ನು ನಿಲ್ಲಿಸುವ ಅಧಿಕಾರ ಯಾರದು, ಚೀಲಗಳನ್ನು ಅಲ್ಲಿಯವರೆಗೆ ಎಲ್ಲಿ ಪ್ರತ್ಯೇಕವಾಗಿಡಬೇಕು ಎಂಬುದನ್ನು ಹುದ್ದೆಯ ಹೆಸರಿನೊಂದಿಗೆ ನಮೂದಿಸಿ. ಕರಡನ್ನು ಹಮಾಲರಿಗೆ ಓದಿ ಹೇಳಿ, ಅವರು ತಿದ್ದಿದ ಬಳಿಕವೇ ಜಾರಿಗೆ ತನ್ನಿ.