ಹಡಗಿನ ಡ್ರಿಂಕ್ಸ್ ಪ್ಯಾಕೇಜ್: ತಲೆಲೆಕ್ಕ ಬೇಡ, ಕೋಣೆಲೆಕ್ಕ ಹಾಕಿ

ನಿಮ್ಮ ಪ್ರಶ್ನೆಯಲ್ಲಿರುವುದು ಇಷ್ಟು. ಕುಮಟಾದಿಂದ ನೀವು ನಾಲ್ವರು: ಗಂಡ, ಹೆಂಡತಿ, 14 ಮತ್ತು 9 ವರ್ಷದ ಮಕ್ಕಳು. ಸಿಂಗಾಪುರದಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗಿನಲ್ಲಿ 4 ರಾತ್ರಿ, ಎಲ್ಲರೂ ಒಂದೇ ಕ್ಯಾಬಿನ್. ದಿನಕ್ಕೆ ತಲಾ 75 ಅಮೆರಿಕನ್ ಡಾಲರಿನ ಡ್ರಿಂಕ್ಸ್ ಪ್ಯಾಕೇಜನ್ನು (ದಿನದ ದರ ಮೊದಲೇ ಕಟ್ಟಿದರೆ ಒಂದೊಂದು ಗ್ಲಾಸಿಗೂ ಬೇರೆ ದುಡ್ಡು ಕೊಡಬೇಕಿಲ್ಲದ ವ್ಯವಸ್ಥೆ) ಈಗಲೇ ತೆಗೆದುಕೊಳ್ಳಿ ಎಂದು ಏಜೆಂಟ್ ಒತ್ತಾಯ ಮಾಡುತ್ತಿದ್ದಾರೆ. ನೀವು ಸಂಜೆಗೆ ಎರಡು ಬಾಟಲಿ ಬಿಯರ್ ಕುಡಿಯುತ್ತೀರಿ, ಮನೆಯವರು ಮದ್ಯ ಮುಟ್ಟುವುದಿಲ್ಲ. ತೆಗೆದುಕೊಳ್ಳಬೇಕೇ?

ಬೇಡ. ಏಕೆ ಬೇಡ ಎನ್ನುವುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ನಾಳೆ ಏಜೆಂಟ್ ಬೇರೆ ದರ ಹೇಳಿದರೂ ಅಂಕಿ ಬದಲಿಸಿ ನೀವೇ ನೋಡಿಕೊಳ್ಳಬಹುದು.

ಏಜೆಂಟರು ಹೆಚ್ಚಾಗಿ ಬಾಯಿಬಿಡದ ಒಂದು ನಿಯಮದಿಂದ ಶುರು ಮಾಡೋಣ. ರಾಯಲ್ ಕೆರಿಬಿಯನ್, ಕಾರ್ನಿವಲ್ ಮುಂತಾದ ಕಂಪನಿಗಳಲ್ಲಿ ಒಂದು ಕ್ಯಾಬಿನ್‌ನ ಒಬ್ಬ ವಯಸ್ಕರು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್‌ನ ಉಳಿದ ವಯಸ್ಕರೂ ಕೊಳ್ಳಲೇಬೇಕು. ಒಬ್ಬರು ಕೊಂಡು ಇಬ್ಬರು ಕುಡಿಯುವುದನ್ನು ತಡೆಯಲು ಈ ಕಟ್ಟು. ಬೇಕಾದ ದಿನಕ್ಕಷ್ಟೇ ಕೊಳ್ಳುವ ಹಾಗೂ ಇಲ್ಲ, ಇಡೀ ಪ್ರಯಾಣಕ್ಕೆ ಕೊಳ್ಳಬೇಕು. ಹಾಗಾಗಿ ನಿಮ್ಮ ಖರ್ಚು 75 ಡಾಲರ್ ಅಲ್ಲ, ದಿನಕ್ಕೆ 150. ನಾಲ್ಕು ರಾತ್ರಿಗೆ 600. ಅದರ ಮೇಲೆ 18% ಸರ್ವಿಸ್ ಚಾರ್ಜ್ 108 ಡಾಲರ್. ಒಟ್ಟು 708. ಡಾಲರಿಗೆ 90 ರೂಪಾಯಿ ಹಿಡಿದರೆ 63,720 ರೂಪಾಯಿ.

ಈಗ ಪ್ಯಾಕೇಜ್ ಇಲ್ಲದೆ, ಕುಡಿದದ್ದಕ್ಕೆ ಮಾತ್ರ ದುಡ್ಡು ಕೊಟ್ಟರೆ ಎಷ್ಟಾಗುತ್ತದೆ ನೋಡೋಣ. ಇಲ್ಲಿ ಅಳತೆಯಲ್ಲಿ ತಪ್ಪು ಮಾಡುವವರು ಬಹಳ. ನಮ್ಮೂರಿನ ಬಾರಿನಲ್ಲಿ ಒಂದು ಬಿಯರ್ ಅಂದರೆ 650 ಎಂಎಲ್ ಬಾಟಲಿ. ಹಡಗಿನಲ್ಲಿ ಕೊಡುವುದು 330 ಅಥವಾ 355 ಎಂಎಲ್‌ನ ಕ್ಯಾನ್ ಇಲ್ಲವೇ ಸಣ್ಣ ಬಾಟಲಿ. ಹಾಗಾಗಿ ನಿಮ್ಮ ಎರಡು ಬಾಟಲಿ ಅಲ್ಲಿ ನಾಲ್ಕು ಕ್ಯಾನ್. ವಿಸ್ಕಿ ಕುಡಿಯುವವರಿಗೂ ಇದೇ ಗೊಂದಲ: ನಮ್ಮಲ್ಲಿ ಲಾರ್ಜ್ ಎಂದರೆ 60 ಎಂಎಲ್, ಹಡಗಿನಲ್ಲಿ ಒಂದು ಪೆಗ್ ಸಾಮಾನ್ಯವಾಗಿ 30ರಿಂದ 45 ಎಂಎಲ್ ನಡುವೆ. ಅಲ್ಲಿ ಡಬಲ್ ಕೇಳಿದರೆ ಹಲವು ಹಡಗುಗಳಲ್ಲಿ ಎರಡು ಡ್ರಿಂಕ್ ಎಂದೇ ಎಣಿಸುತ್ತಾರೆ.

ಬಿಯರ್ ಒಂದಕ್ಕೆ 9 ಡಾಲರ್ ಹಿಡಿಯಿರಿ, ನಾಲ್ಕಕ್ಕೆ 36. ಮನೆಯವರಿಗೆ ದಿನಕ್ಕೊಂದು ಮಾಕ್‌ಟೇಲ್ (ಮದ್ಯವಿಲ್ಲದ ಕಾಕ್‌ಟೇಲ್) 8, ಒಂದು ಕ್ಯಾಪುಚಿನೊ 5. ದಿನಕ್ಕೆ 49, ನಾಲ್ಕು ದಿನಕ್ಕೆ 196, ಸರ್ವಿಸ್ ಚಾರ್ಜ್ ಸೇರಿ 231 ಡಾಲರ್. ಮಕ್ಕಳಿಗೆ ದಿನಕ್ಕೆ ತಲಾ ಎರಡು ಕೋಲಾ, ಒಂದಕ್ಕೆ 4 ಡಾಲರಿನಂತೆ ಸೇರಿಸಿದರೂ ಇನ್ನೊಂದು 76. ಒಟ್ಟು 307 ಡಾಲರ್. ಅತ್ತ 708, ಇತ್ತ 307. ಅದೂ ಆ 708ರಲ್ಲಿ ಮಕ್ಕಳ ಕೋಲಾ ಸೇರಿಲ್ಲ, ಏಕೆಂದರೆ ದೊಡ್ಡವರ ಪ್ಯಾಕೇಜ್ ಮಕ್ಕಳಿಗೆ ನಡೆಯುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ದಿನಕ್ಕೆ 150 ಡಾಲರ್ ವಸೂಲಾಗಬೇಕು. ಮನೆಯವರ ಪಾಲು 13 ಕಳೆದರೆ 137 ಉಳಿಯಿತು. ಅದನ್ನು 9ರಿಂದ ಭಾಗಿಸಿ: 15 ಕ್ಯಾನ್ ದಾಟಿತು. ಸುಮಾರು ಐದು ಲೀಟರ್ ಬಿಯರ್, ದಿನವೂ, ನಾಲ್ಕು ದಿನ. ಯಾರ ಶರೀರಕ್ಕೂ ಇದು ಸಲ್ಲದು. ಕೊಟ್ಟ ದುಡ್ಡು ಹಾಳಾಗಬಾರದೆಂದು ಬೆಳಿಗ್ಗೆ ಹನ್ನೊಂದಕ್ಕೇ ಗ್ಲಾಸು ಹಿಡಿಯುವ ಪರಿಸ್ಥಿತಿಯನ್ನು ನೀವೇ ಕೊಂಡುಕೊಂಡ ಹಾಗಾಗುತ್ತದೆ. ಮಕ್ಕಳು ಜೊತೆಗಿರುವ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಲೆಕ್ಕ ಸುಲಭವಾಗಲು ಒಂದು ಮಾತು: ಸರ್ವಿಸ್ ಚಾರ್ಜ್ ಬಿಡಿ ಡ್ರಿಂಕಿಗೂ ಉಂಟು, ಪ್ಯಾಕೇಜಿಗೂ ಉಂಟು. ಎರಡೂ ಕಡೆ ಒಂದೇ ಶೇಕಡಾ ಇದ್ದರೆ ಹೋಲಿಸುವಾಗ ಅದನ್ನು ಬಿಟ್ಟುಬಿಡಿ. ಕ್ಯಾಬಿನ್‌ನ ಒಂದು ದಿನದ ಪ್ಯಾಕೇಜ್ ದರವನ್ನು ನೀವು ಕುಡಿಯುವ ಪೇಯದ ಬೆಲೆಯಿಂದ ಭಾಗಿಸಿದರೆ ಸಾಕು. ಕಾಕ್‌ಟೇಲ್ ಕುಡಿಯುವವರಿಗೆ ಒಂದಕ್ಕೆ 14 ಡಾಲರ್ ಹಿಡಿದರೆ 75 ಡಾಲರ್ ಐದಾರು ಗ್ಲಾಸಿಗೆ ವಸೂಲು. ಬಿಯರಿನವರಿಗೆ ಎಂಟು ದಾಟಬೇಕು. ಬೆಲೆ ಕಡಿಮೆಯಿರುವ ಪೇಯ ಕುಡಿಯುವವರಿಗೇ ಪ್ಯಾಕೇಜ್ ಹೆಚ್ಚು ನಷ್ಟ.

ಮತ್ತೆ, ನಾಲ್ಕು ದಿನ ಎನ್ನುವುದೂ ಪೂರ್ತಿ ನಾಲ್ಕು ದಿನವಲ್ಲ. ಹತ್ತುವ ದಿನ ಮಧ್ಯಾಹ್ನದ ಮೇಲೆ ಹಡಗಿನೊಳಗೆ ಕಾಲಿಡುತ್ತೀರಿ. ಪೆನಾಂಗ್, ಫುಕೆಟ್‌ನಂಥ ಊರುಗಳಲ್ಲಿ ನಿಲ್ಲುವ ದಿನ ಬೆಳಗಿನಿಂದ ಸಂಜೆಯವರೆಗೆ ನೀವು ದಡದಲ್ಲಿ, ಅಲ್ಲಿಯ ಅಂಗಡಿಯಲ್ಲಿ ಪ್ಯಾಕೇಜ್ ನಡೆಯುವುದಿಲ್ಲ. ಇಳಿಯುವ ದಿನ ತಿಂಡಿ ತಿಂದು ಹೊರಡುವುದಷ್ಟೇ. ಇಡೀ ದಿನ ನೀರಿನ ಮೇಲೇ ಇರುವುದು ಒಂದು ದಿನ ಇದ್ದರೆ ಹೆಚ್ಚು. ಹಾಗಾಗಿ ಪ್ರಯಾಣದ ಪಟ್ಟಿ ಮುಂದಿಟ್ಟುಕೊಂಡು, ಹಡಗು ಎಲ್ಲೂ ನಿಲ್ಲದ ದಿನಗಳೆಷ್ಟು ಎಂದು ಎಣಿಸಿ. ಏಳು ರಾತ್ರಿಯ ಪ್ರಯಾಣದಲ್ಲಿ ಅಂಥ ದಿನ ಮೂರ್ನಾಲ್ಕು ಇದ್ದು, ಕ್ಯಾಬಿನ್‌ನ ಇಬ್ಬರೂ ಕಾಕ್‌ಟೇಲ್, ವೈನ್ ಇಷ್ಟಪಡುವವರಾದರೆ ಪ್ಯಾಕೇಜ್ ನಿಜಕ್ಕೂ ಲಾಭವೇ. ಅಂಥವರಿಗೆ ನಾನು ಬೇಡ ಎನ್ನುವುದಿಲ್ಲ. ಆದರೂ ಮೇಲ್ಮಿತಿ ಓದಿಕೊಳ್ಳಲಿ. ರಾಯಲ್ ಕೆರಿಬಿಯನ್‌ನಲ್ಲಿ ಒಂದು ಗ್ಲಾಸಿಗೆ 14 ಡಾಲರ್ ಆಸುಪಾಸಿನ ಮಿತಿ, ಅದಕ್ಕಿಂತ ಬೆಲೆಬಾಳುವ ಸ್ಕಾಚ್ ಕೇಳಿದರೆ ವ್ಯತ್ಯಾಸ ಕೈಯಿಂದ. ಕಾರ್ನಿವಲ್‌ನಲ್ಲಿ 24 ಗಂಟೆಗೆ 15 ಮದ್ಯದ ಡ್ರಿಂಕ್ ಎಂಬ ಮಿತಿ. ಕೋಣೆಗೆ ತರಿಸಿದ್ದು, ಮಿನಿಬಾರಿನದ್ದು, ನೆನಪಿಗೆಂದು ಒಯ್ಯುವ ಗ್ಲಾಸು, ಇವು ಸಾಮಾನ್ಯವಾಗಿ ಪ್ಯಾಕೇಜಿನ ಹೊರಗೆ.

ಟಿಕೆಟ್ ದುಡ್ಡಿನಲ್ಲೇ ಏನೇನು ಸಿಗುತ್ತದೆ ಎಂದು ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆ. ಕುಡಿಯುವ ನೀರು, ಸಾದಾ ಕಾಫಿ, ಚಹಾ, ನಿಂಬೆ ಶರಬತ್ತು, ಐಸ್ ಟೀ, ಬೆಳಗಿನ ತಿಂಡಿಯ ಜೊತೆ ಜ್ಯೂಸ್, ಇವಕ್ಕೆ ಬೇರೆ ದುಡ್ಡಿಲ್ಲ. ಕ್ಯಾಬಿನ್‌ನ ನಲ್ಲಿ ನೀರೂ ಕುಡಿಯುವ ನೀರೇ, ಹಡಗಿನಲ್ಲಿ ಅದನ್ನು ಶುದ್ಧಮಾಡಿ ಪರೀಕ್ಷಿಸಿಯೇ ಬಿಡುತ್ತಾರೆ. ನಮ್ಮ ಕಡೆಯವರು ಅಭ್ಯಾಸಬಲದಿಂದ ಬಾಟಲಿ ನೀರಿಗೆ ನಾಲ್ಕೈದು ಡಾಲರ್ ಕೊಡುತ್ತಾರೆ. ನಾಲ್ವರಿಗೂ ಒಂದೊಂದು ಸ್ಟೀಲ್ ಬಾಟಲಿ ಒಯ್ಯಿರಿ, ಬಫೆಯಲ್ಲಿ ತುಂಬಿಕೊಳ್ಳಿ.

ಕಾಫಿ ವಿಷಯದಲ್ಲಿ ಮಾತ್ರ ನಿರೀಕ್ಷೆ ಬೇಡ. ಸಾದಾ ಕಾಫಿ ಎಂದರೆ ತೆಳ್ಳಗಿನ ಕಪ್ಪು ನೀರು, ಹಾಲು ತಣ್ಣಗಿರುತ್ತದೆ. ಡಿಕಾಕ್ಷನ್ ಕಾಫಿಗೆ ಒಗ್ಗಿದ ನಾಲಿಗೆಗೆ ಹಿಡಿಸುವುದಿಲ್ಲ. ಇನ್‌ಸ್ಟಂಟ್ ಕಾಫಿಯ ಸ್ಯಾಶೆ, ಕಷಾಯದ ಪುಡಿ ಒಯ್ದರೆ ಬಿಸಿನೀರು ಬಫೆಯಲ್ಲಿ ಸಿಗುತ್ತದೆ. ನೀರು ಕಾಯಿಸುವ ಕಾಯಿಲ್, ಕೆಟಲ್ ಬ್ಯಾಗಿನಲ್ಲಿ ಇಡಬೇಡಿ, ಬೆಂಕಿಯ ಭಯದಿಂದ ಅವನ್ನು ತೆಗೆದಿಟ್ಟುಕೊಳ್ಳುತ್ತಾರೆ. ಮನೆಯಲ್ಲಿ ಮಾಡಿದ ಮುರುಗಲು ಶರಬತ್ತಿನ ಬಾಟಲಿಯೂ ಬೇಡ. ಸೀಲ್ ಇಲ್ಲದ ಬಾಟಲಿಯಲ್ಲಿ ಏನಿದೆಯೆಂದು ತಪಾಸಣೆಯವರಿಗೆ ತಿಳಿಯುವುದಿಲ್ಲ, ತಿಳಿಯದ್ದನ್ನು ಅವರು ಒಳಗೆ ಬಿಡುವುದಿಲ್ಲ.

ಮದ್ಯವಿಲ್ಲದ ಪ್ಯಾಕೇಜೂ ಉಂಟು. ಮಾಕ್‌ಟೇಲ್, ಎಸ್ಪ್ರೆಸೊ ಕಾಫಿ, ತಾಜಾ ಜ್ಯೂಸ್, ಬಾಟಲಿ ನೀರು ಸೇರಿದ್ದಕ್ಕೆ ದಿನಕ್ಕೆ ಸುಮಾರು 30ರಿಂದ 40 ಡಾಲರ್. ವಸೂಲಿಗೆ ದಿನಕ್ಕೆ ನಾಲ್ಕೈದು ಮಾಕ್‌ಟೇಲ್ ಬೇಕು, ಮನೆಯವರಿಗೆ ಅಗತ್ಯವಿಲ್ಲ. ಬರೀ ಕೋಲಾದ ಪ್ಯಾಕೇಜ್ ಇನ್ನೂ ಅಗ್ಗ. ದಿನಕ್ಕೆ ನಾಲ್ಕು ಕೋಲಾ ಕುಡಿಯುವ ಮಗುವಿಗೆ ಅದು ಸರಿಹೊಂದೀತು, ಆದರೆ ಅಷ್ಟು ಸಕ್ಕರೆ ಕುಡಿಸುವ ಬದಲು ಪುಕ್ಕಟೆಯ ನಿಂಬೆ ಶರಬತ್ತು ಕೊಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಬಾಟಲಿ ಬಚ್ಚಿಟ್ಟು ಒಯ್ಯುವ ಯೋಚನೆ ಕೆಲವರಿಗೆ ಬರುತ್ತದೆ. ಗೋವಾದಿಂದ ಬರುವ ಗಾಡಿಯನ್ನು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿ ನೋಡುವುದು ನಿಮಗೆ ಗೊತ್ತೇ ಇದೆ. ಹಡಗಿನ ತಪಾಸಣೆ ಅದಕ್ಕಿಂತ ಬಿಗಿ, ಪ್ರತಿ ಬ್ಯಾಗೂ ಎಕ್ಸ್‌ರೇ ಯಂತ್ರದೊಳಗೆ ಹೋಗುತ್ತದೆ. ರಾಯಲ್ ಕೆರಿಬಿಯನ್ ಹತ್ತುವ ದಿನ ಒಬ್ಬ ವಯಸ್ಕರಿಗೆ 750 ಎಂಎಲ್‌ನ ಒಂದು ವೈನ್ ಬಾಟಲಿ ಬಿಡುತ್ತದೆ. ಬಿಯರ್, ವಿಸ್ಕಿ, ಫೆನಿ ಯಾವುದನ್ನೂ ಬಿಡುವುದಿಲ್ಲ. ದಾರಿಯಲ್ಲಿ ಬಂದರಿನ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಹಡಗಿನವರು ಇಟ್ಟುಕೊಂಡು ಪ್ರಯಾಣದ ಕೊನೆಗೆ ಕೊಡುತ್ತಾರೆ.

ಏಜೆಂಟರ "ಈಗಲೇ" ಎಂಬ ಅವಸರಕ್ಕೂ ಕಾರಣವಿಲ್ಲ. ಬುಕಿಂಗ್ ನಂಬರ್ ಹಾಕಿ ಕಂಪನಿಯ ಆ್ಯಪ್ ತೆರೆದರೆ ಪ್ಯಾಕೇಜಿನ ದರ ನಿಮಗೇ ಕಾಣುತ್ತದೆ. ಅದು ಏರಿಳಿಯುತ್ತಿರುತ್ತದೆ, ಹಡಗು ಹತ್ತಿದ ಮೇಲಿನ ದರಕ್ಕಿಂತ ಮೊದಲೇ ಕೊಂಡದ್ದು ಹೆಚ್ಚಾಗಿ ಅಗ್ಗ. ನಾಳೆ ಮನಸ್ಸು ಬದಲಾಗಿ ಕೊಂಡಿರಿ ಎನ್ನಿ, ಆಮೇಲೆ ದರ ಇಳಿದರೆ ಹೊರಡುವ ಮೊದಲು ರದ್ದುಮಾಡಿ ಕಡಿಮೆ ದರಕ್ಕೆ ಮತ್ತೆ ಕೊಳ್ಳಬಹುದು. ಏಜೆಂಟ್ ಮೂಲಕ ಕೊಂಡರೆ ಈ ಅನುಕೂಲ ಅವರ ಕೈಯಲ್ಲಿ ಸಿಕ್ಕಿಕೊಳ್ಳುತ್ತದೆ.

ನಿಮ್ಮ ಜೊತೆ ಭಾವನೋ ಗೆಳೆಯನೋ ಸಂಸಾರ ಸಮೇತ ಬರುವುದಾದರೆ ಬೇರೊಂದು ದಾರಿ ಇದೆ. ಕುಡಿಯುವ ಇಬ್ಬರ ಹೆಸರನ್ನು ಒಂದು ಕ್ಯಾಬಿನ್‌ಗೆ, ಉಳಿದವರನ್ನು ಪಕ್ಕದ ಕ್ಯಾಬಿನ್‌ಗೆ ಹಾಕಿ ಬುಕ್ ಮಾಡಿದರೆ ಕುಡಿಯದವರು ಪ್ಯಾಕೇಜ್ ಕೊಳ್ಳಬೇಕಿಲ್ಲ. ಮಕ್ಕಳಿರುವ ಕ್ಯಾಬಿನ್‌ನಲ್ಲಿ ಒಬ್ಬ ವಯಸ್ಕರಾದರೂ ಇರುವಂತೆ ನೋಡಿಕೊಳ್ಳಿ. ಹಾಗಿದ್ದೂ ಬಿಯರಿಗೆ ಎಂಟು ಕ್ಯಾನಿನ ಲೆಕ್ಕ ಎಂಟೇ, ಅದು ಬದಲಾಗದು.

ಕಾರವಾರ, ಅಂಕೋಲೆ ಕಡೆಯಿಂದ ಮುಂಬೈ–ಗೋವಾ ನಡುವಿನ ಕಾರ್ಡೆಲಿಯಾ ಹಡಗಿಗೆ ಹೋಗುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಲ್ಲಿಯೂ ಊಟ ಟಿಕೆಟ್ಟಿನಲ್ಲಿ, ಮದ್ಯ ಬೇರೆ. ಒಂದೆರಡು ರಾತ್ರಿಯ ಪ್ರಯಾಣಕ್ಕೆ ನಾನು ಬಿಡಿ ಬಿಡಿಯಾಗಿ ಕೊಳ್ಳಿ ಎಂದೇ ಹೇಳುತ್ತೇನೆ. ಹೇಳಿದ ದರದಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ದೊಡ್ಡ ಮಕ್ಕಳಿದ್ದರೆ ವಯಸ್ಸಿನ ನಿಯಮವನ್ನೂ ಕೇಳಿ. ಗೋವಾದಲ್ಲಿ 21, ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್‌ಗೆ 25. 23ರ ಮಗನ ಹೆಸರಿಗೆ ಪ್ಯಾಕೇಜ್ ಕೊಳ್ಳುವ ಮೊದಲು ಇದು ಇತ್ಯರ್ಥವಾಗಬೇಕು.

ಮರೆಯಬಾರದ ಇನ್ನೊಂದು ಮಾತು ವಾಂತಿ ತಡೆಯುವ ಅವೊಮಿನ್ ಮಾತ್ರೆಯದು. ದೇವಿಮನೆ ಘಟ್ಟ ಹತ್ತುವಾಗ ಅವೊಮಿನ್ ನುಂಗುವವರು ನಿಮ್ಮ ಮನೆಯಲ್ಲಿದ್ದರೆ ಹಡಗಿಗೂ ಅದನ್ನು ಒಯ್ಯುತ್ತೀರಿ, ಒಯ್ಯಲೇಬೇಕು. ಆದರೆ ಅದರಲ್ಲಿರುವ ಪ್ರೊಮೆಥಜಿನ್ ನಿದ್ದೆ ತರಿಸುವ ಔಷಧ, ಮದ್ಯ ಸೇರಿದರೆ ಮಂಪರು ಬಹಳ ಹೆಚ್ಚುತ್ತದೆ. ಮಾತ್ರೆ ನುಂಗಿದ ದಿನ ಕುಡಿಯಬಾರದು. ಅಲುಗಾಡುವ ಹಡಗಿನಲ್ಲಿ ಮೆಟ್ಟಿಲು ಇಳಿಯುವಾಗ ಬಿದ್ದು ಪೆಟ್ಟುಮಾಡಿಕೊಳ್ಳುವುದು ಹೀಗೆಯೇ. ಪ್ಯಾಕೇಜ್ ಕೊಂಡಿದ್ದರೆ ಆ ದಿನದ ದುಡ್ಡು ವಾಪಸು ಬರುವುದಿಲ್ಲ.

ಪಾವತಿಯ ಬಗ್ಗೆ: ಹಡಗಿನೊಳಗೆ ನೋಟು ನಡೆಯುವುದಿಲ್ಲ, ಕೋಣೆಯ ಕೀ ಕಾರ್ಡಿಗೇ ಎಲ್ಲ ಖರ್ಚು ಬೀಳುತ್ತದೆ. ಹತ್ತಿದ ದಿನವೇ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ಮಕ್ಕಳ ಕಾರ್ಡಿಗೆ ಮಿತಿ ಹಾಕಿಸಿ. ಕ್ರೆಡಿಟ್ ಕಾರ್ಡ್ ಕೊಡುವುದಾದರೆ ಅದರ ವಿದೇಶಿ ವಹಿವಾಟಿನ ಶುಲ್ಕ ನೋಡಿಕೊಳ್ಳಿ. 3.5% ಇರುವ ಕಾರ್ಡಿನಲ್ಲಿ ಶುಲ್ಕದ ಮೇಲಿನ 18% ಜಿಎಸ್‌ಟಿ ಸೇರಿ 4.13% ಆಗುತ್ತದೆ. ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಡಾಲರ್ ಎಂದೇ ಆರಿಸಿ, ರೂಪಾಯಿಗೆ ಪರಿವರ್ತಿಸುವ ಅವರ ದರ ನಿಮಗೆ ಅನುಕೂಲವಾಗಿರುವುದಿಲ್ಲ.

ಬಾರಿನಲ್ಲಿ ಸಹಿಗೆ ಕೊಡುವ ಚೀಟಿಯಲ್ಲಿ ಟಿಪ್ಸ್‌ಗೆಂದು ಒಂದು ಖಾಲಿ ಗೆರೆ ಇರುತ್ತದೆ. 18% ಅದಾಗಲೇ ಸೇರಿರುತ್ತದೆ, ಆ ಗೆರೆ ಅದರ ಮೇಲಿನದ್ದಕ್ಕೆ. ಕೊಡುವ ಮನಸ್ಸಿದ್ದರೆ ಬರೆಯಿರಿ, ಇಲ್ಲದಿದ್ದರೆ ಅಡ್ಡಗೆರೆ ಎಳೆದು ಸಹಿ ಹಾಕಿ. ಆ್ಯಪ್‌ನಲ್ಲಿ ಪ್ರತಿರಾತ್ರಿ ಲೆಕ್ಕ ನೋಡಿ. ನೀವು ಕುಡಿಯದ ಡ್ರಿಂಕ್ ಕಂಡರೆ ಮರುದಿನ ಬೆಳಿಗ್ಗೆಯೇ ಕೌಂಟರಿನಲ್ಲಿ ಹೇಳಿ. ಇಳಿಯುವ ದಿನ ಅಲ್ಲಿ ದೊಡ್ಡ ಸಾಲು ಇರುತ್ತದೆ, ವಿಮಾನದ ಸಮಯ ನೋಡಿಕೊಂಡು ಜನ ತಪ್ಪು ಬಿಲ್ಲನ್ನೂ ಒಪ್ಪಿ ಇಳಿದುಬಿಡುತ್ತಾರೆ.